ಗೆಳೆಯನಿಗೊಂದು ಪತ್ರ: ಸೋತ ಪಿಚರ್‌ನ ಕಡೆಯಿಂದ

ಪ್ರಿಯ ಗುಂಡ,

ನೀನು ಕ್ಲೀವ್‌ಲ್ಯಾಂಡ್‌ಗೆ ಹೋಗಿ ಇಷ್ಟು ವರ್ಷವಾಯಿತು. ಆದರೂ ಬೇಸ್‌ಬಾಲ್ ವಿಷಯ ನಿನಗಿಂತ ಹಾಸನದಲ್ಲಿ ಕೂತ ನನಗೇ ಜಾಸ್ತಿ ಗೊತ್ತು. ಹೆಮ್ಮೆ ಪಡುವಂಥದ್ದೇನಿಲ್ಲ ಬಿಡು. ರಾತ್ರಿ ನಿದ್ದೆ ಬರದವರು ಏನಾದರೂ ಓದುತ್ತಾರೆ. ನನಗೆ 1908ರ ಪಿಚರ್‌ಗಳು, ಅಂದರೆ ಬ್ಯಾಟ್ ಹಿಡಿದವನಿಗೆ ಚೆಂಡು ಎಸೆಯುವವರು, ಸಿಕ್ಕಿದರು.

ಆ ವರ್ಷ ಅಮೆರಿಕದಲ್ಲಿ ಬ್ಯಾಟ್ ಹಿಡಿದವರ ಗ್ರಹಚಾರ ಕೆಟ್ಟಿತ್ತು. ನ್ಯೂಯಾರ್ಕ್ ಜೈಂಟ್ಸ್‌ನ ಕ್ರಿಸ್ಟಿ ಮ್ಯಾಥ್ಯೂಸನ್ 37 ಪಂದ್ಯ ಗೆದ್ದ. ಚಿಕಾಗೊ ಕಬ್ಸ್‌ನ ಮಾರ್ಡೆಕೈ ಬ್ರೌನ್ 29 ಗೆದ್ದ. ಚಿಕ್ಕವನಿದ್ದಾಗ ಹೊಲದ ಯಂತ್ರಕ್ಕೆ ಸಿಕ್ಕಿ ಇವನ ಬೆರಳು ತುಂಡಾಗಿತ್ತು. ಆ ಮೊಂಡು ಬೆರಳಿನಿಂದಲೇ ಚೆಂಡು ವಿಚಿತ್ರವಾಗಿ ತಿರುಗುತ್ತಿತ್ತು. ವಾಷಿಂಗ್ಟನ್ನಿನ ವಾಲ್ಟರ್ ಜಾನ್ಸನ್‌ಗೆ ಆಗ 20 ವರ್ಷ. ಸೆಪ್ಟೆಂಬರ್‌ನಲ್ಲಿ ನಾಲ್ಕು ದಿನದೊಳಗೆ ಮೂರು ಪಂದ್ಯ ಎಸೆದು ನ್ಯೂಯಾರ್ಕ್ ಹೈಲ್ಯಾಂಡರ್ಸ್‌ಗೆ ಒಂದು ರನ್ನೂ ಕೊಡಲಿಲ್ಲ. ನಡುವೆ ಭಾನುವಾರ ಬಂದಿದ್ದಕ್ಕೆ ಒಂದು ದಿನ ರಜೆ ಸಿಕ್ಕಿತು, ಅಷ್ಟೆ.

ನಾನು ಸಿಕ್ಕಿಹಾಕಿಕೊಂಡಿದ್ದು ಎಡ್ ವಾಲ್ಶ್ ಹತ್ತಿರ. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿ ಕಡೆಯಿಂದ ಬಂದವನು, ಚಿಕಾಗೊ ವೈಟ್ ಸಾಕ್ಸ್‌ನ ಪಿಚರ್. ಅವನ ಅಸ್ತ್ರ ಎಂಜಲು. ಎಂಜಲು ಹಚ್ಚಿದ ಚೆಂಡು ಬೆರಳಿನಿಂದ ಜಾರಿ, ಹೆಚ್ಚು ಸುತ್ತದೆ ಹೋಗಿ, ಬ್ಯಾಟಿನ ಹತ್ತಿರ ಸರಕ್ಕನೆ ಕೆಳಗಿಳಿಯುತ್ತದೆ. ಆಗ ಅದು ನಿಯಮದೊಳಗೇ ಇತ್ತು, 1920ರಲ್ಲಿ ನಿಷೇಧ ಬಂತು. ನಮ್ಮಜ್ಜಿ ನೋಡಿದ್ದರೆ ಬ್ಯಾಟಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನನ್ನೂ ಸೇರಿಸಿ ಎಲ್ಲರನ್ನೂ ಬಾವಿಕಟ್ಟೆಗೆ ಅಟ್ಟುತ್ತಿದ್ದರು. ವಾಲ್ಶ್ ಆ ಒಂದೇ ವರ್ಷ 464 ಇನಿಂಗ್ಸ್ (ಇಲ್ಲಿ ಮೂರು ಔಟ್ ಆದರೆ ಒಂದು ಇನಿಂಗ್ಸ್) ಎಸೆದ, 40 ಪಂದ್ಯ ಗೆದ್ದ.

ಅಕ್ಟೋಬರ್ 2. ನಿಮ್ಮೂರಿನ ಲೀಗ್ ಪಾರ್ಕ್. ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಚಿಕಾಗೊ ಮೂರಕ್ಕೂ ಲೀಗ್ ಗೆಲ್ಲುವ ಆಸೆ ಇನ್ನೂ ಉಳಿದಿದ್ದ ಕೊನೆಯ ವಾರ. ವಾಲ್ಶ್ ಎದುರಿಗೆ ಕ್ಲೀವ್‌ಲ್ಯಾಂಡ್‌ನ ಆ್ಯಡಿ ಜಾಸ್. ವಾಲ್ಶ್ ಎಂಟು ಇನಿಂಗ್ಸ್‌ನಲ್ಲಿ 15 ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಅಷ್ಟು ಸಲ ಬ್ಯಾಟ್ ಹಿಡಿದವರು ಮೂರು ಸ್ಟ್ರೈಕ್‌ಗೆ ಔಟಾದರು. ಬಿಟ್ಟುಕೊಟ್ಟಿದ್ದು ಒಂದೇ ರನ್, ಅದೂ ಕ್ಯಾಚರ್‌ನನ್ನು ದಾಟಿ ಓಡಿದ ಒಂದು ಚೆಂಡಿನಿಂದ. ಬೇರೆ ಯಾವ ದಿನವಾಗಿದ್ದರೂ ಪೇಪರ್ ತುಂಬ ಅವನೇ ಇರುತ್ತಿದ್ದ. ಆದರೆ ಆ ಕಡೆ ಜಾಸ್, ಬಂದ 27 ಜನರನ್ನೂ ವಾಪಸ್ ಕಳಿಸಿದ. ರನ್‌ಗೆ ಓಡುವ ದಾರಿಯ ಮೊದಲ ನಿಲ್ದಾಣ, ಮೊದಲ ಬೇಸನ್ನು, ಒಬ್ಬನೂ ಮುಟ್ಟಲಿಲ್ಲ. ಇದಕ್ಕೇ ಪರ್ಫೆಕ್ಟ್ ಗೇಮ್ ಅನ್ನೋದು. ಕ್ಲೀವ್‌ಲ್ಯಾಂಡ್ ಗೆದ್ದಿತು, 1-0. ಒಂಬತ್ತನೇ ಇನಿಂಗ್ಸ್‌ನಲ್ಲಿ ವಾಲ್ಶ್ ಬದಲಿಗೆ ಬ್ಯಾಟ್ ಮಾಡಲು ಜಾನ್ ಆಂಡರ್ಸನ್ ಅನ್ನುವವನನ್ನು ಕಳಿಸಿದರು. ಕೊನೆಯ ಔಟ್ ಅವನೇ. ಇಷ್ಟಾಗಿಯೂ ಲೀಗ್ ಗೆದ್ದಿದ್ದು ಡೆಟ್ರಾಯಿಟ್!

ಈ ಪಂದ್ಯದ ಬಗ್ಗೆ ಓದುವಾಗೆಲ್ಲ ನಾನು ಜಾಸ್‌ನನ್ನು ಬಿಟ್ಟು ವಾಲ್ಶ್‌ನನ್ನೇ ಹುಡುಕುತ್ತೇನೆ. ಬೆಂಚಿನ ಮೇಲೆ ಕೂತು ಏನಂದುಕೊಂಡ? ಜಾಸ್‌ನ ಕೈ ಕುಲುಕಿದನಾ? ಯಾಕಪ್ಪಾ ನನಗೆ ಈ ಚಪಲ ಅಂತ ಮೊನ್ನೆ ಹೊಳೆಯಿತು. ಆ ದೀಪಾವಳಿ ಕಥಾಸ್ಪರ್ಧೆ ಕಣೋ. ನಿನಗೆ ಮೊದಲ ಬಹುಮಾನ. ನಾನು ಮೆಚ್ಚುಗೆ ಪಡೆದವರ ಪಟ್ಟಿಯಲ್ಲಿ, ಸಣ್ಣ ಅಕ್ಷರದಲ್ಲಿ. ನಿನ್ನ ಕಥೆ ಚೆನ್ನಾಗಿತ್ತು. ಕೆಟ್ಟದಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು, ತೀರ್ಪುಗಾರರನ್ನು ಬೈದುಕೊಂಡು ಮಲಗಬಹುದಿತ್ತು. ನನ್ನ ಕೈಯಲ್ಲಿ ಅದಕ್ಕಿಂತ ಒಳ್ಳೆಯದು ಬರೆಯಲು ಆಗುತ್ತಿರಲಿಲ್ಲ. ಅದೇ ವರ್ಷ ನೀನೂ ಬರೆದುಬಿಟ್ಟೆ. ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದ್ದು ನಾನೇ, ಎಲ್ಲರಿಗಿಂತ ಜೋರಾಗಿ ನಕ್ಕಿದ್ದೂ ನಾನೇ. ಹೊಟ್ಟೆಯಲ್ಲಿ ಬೆಂಕಿ. ಆಮೇಲೆ ನೀನು ಅಮೆರಿಕಕ್ಕೆ ಹೋಗಿ ಬರೆಯುವುದನ್ನೇ ಬಿಟ್ಟೆ. 'ಬಿಡಬೇಡ ಕಣೋ, ಬರಿ' ಅಂತ ನಾಲ್ಕು ಜನರ ಮುಂದೆ ಒತ್ತಾಯ ಮಾಡಿದೆನಲ್ಲ, ಆಗ ಒಳಗೊಳಗೇ ಹಾಯೆನಿಸಿತ್ತು.

ಜಾಸ್ 1911ರಲ್ಲಿ ಮೆದುಳು ಪೊರೆಯ ಸೋಂಕಿನಿಂದ ತೀರಿಕೊಂಡ, 31 ವರ್ಷಕ್ಕೆ. ವಾಲ್ಶ್‌ನ ತೋಳು 1913ರ ಹೊತ್ತಿಗೆ ಸವೆದುಹೋಯಿತು, ಆದರೆ ಅವನು 1959ರವರೆಗೆ ಬದುಕಿದ. ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ನಿನ (ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟು) ಸರಾಸರಿ ನೋಡು: ಇಡೀ ಆಟದ ಬದುಕಿನಲ್ಲಿ ವಾಲ್ಶ್‌ದು 1.82, ಜಾಸ್‌ದು 1.89. ಕೂದಲೆಳೆಯಷ್ಟು ವಾಲ್ಶ್ ಮುಂದೆ. ಇದನ್ನು ಓದಿ ಮಧ್ಯರಾತ್ರಿ ಒಬ್ಬನೇ ಕೂತು ಖುಷಿಪಟ್ಟೆ ಮಾರಾಯ. ಎಂಥ ಮನುಷ್ಯ ನಾನು!

ಲೋ, ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ಸುಮ್ನೆ ಮ್ಯಾಥ್ಯೂಸನ್ ಬಗ್ಗೆ ನಾಲ್ಕು ಸಾಲು ಹಾಕಿ ಲೈಕ್ ಎಣಿಸುವ ಯೋಜನೆ ಇತ್ತು. ಓದುತ್ತಿರುವ ಮಿಕ್ಕವರು ಆ ದೋಸೆ ವಾಪಸ್ ಕೊಡಲು ಬರಬೇಡಿ. ಅದೂ ಅಲ್ಲದೆ ನಾನು ವಾಲ್ಶ್ ಪಕ್ಕ ಹೋಗಿ ಕೂತಿದ್ದೇ ಕೊಬ್ಬು. ಅವನು 464 ಇನಿಂಗ್ಸ್ ಎಸೆದವನು. ನಾನು ಅದೇ ಕಥೆಯ ಹೆಸರು ಬದಲಿಸಿ ಇನ್ನೂ ಪತ್ರಿಕೆಗಳಿಗೆ ಕಳಿಸುತ್ತಿರುವವನು. ಆಂಡರ್ಸನ್ ಪಾತ್ರ ಕೊಟ್ಟರೂ ಸಾಕು.

ಲೀಗ್ ಪಾರ್ಕ್ ಜಾಗ ಇನ್ನೂ ಇದೆಯಂತೆ, ಹಳೆಯ ಟಿಕೆಟ್ ಕಟ್ಟಡದಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಬಿಡುವಾದಾಗ ಹೋಗಿ ಫೋಟೊ ಕಳಿಸು. ಸೆಲ್ಫಿ ಬೇಡ, ನಿನ್ನ ಮುಖ ಬೇಕಾದಷ್ಟು ನೋಡಿದ್ದೇನೆ. ಏನಾದರೂ ಬರೆದರೆ ಮೊದಲು ನನಗೆ ಕಳಿಸು. ಚೆನ್ನಾಗಿದ್ದರೆ ಸ್ವಲ್ಪ ತಡವಾಗಿ ಹೇಳುತ್ತೇನೆ.

ಇಂತಿ ನಿನ್ನ
ಎಂಜಲು ಬೌಲರ್