ಕಾಲಮ್ ಒಣಗಲು ಬಿಡದವರಿಗೆ

ಕಳೆದ ಸೋಮವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಹಾರೈಸಿದವರಿಗೆಲ್ಲ ಒಬ್ಬೊಬ್ಬರಿಗೂ ಉತ್ತರ ಬರೆಯಲಾಗಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಆರೂವರೆ ವರ್ಷ ನಾನು ಏನು ಮಾಡಿದೆ ಎಂಬುದನ್ನು ಕೇಳಿ ಕೇಳಿ ನಿಮಗೇ ಬಾಯಿಪಾಠವಾಗಿದೆ. ಹೊಸಬರಿಗೆ ಮಾತ್ರ ನಾಲ್ಕು ಮಾತು. ಶ್ರೀಗಂಧದ ಬೀಜದ ಎಣ್ಣೆಯಲ್ಲಿ ಸ್ಯಾಂಟಾಲ್ಬಿಕ್ ಆಮ್ಲ ಅಂತ ಒಂದಿದೆ. ಹದಿನೆಂಟು ಕಾರ್ಬನ್ನಿನ ಸರಪಳಿ, ಒಂಬತ್ತರಲ್ಲಿ ತ್ರಿಬಂಧ, ಹನ್ನೊಂದರಲ್ಲಿ ಟ್ರಾನ್ಸ್ ದ್ವಿಬಂಧ (ಸರಪಳಿಯ ಎರಡು ಭಾಗಗಳು ಬಂಧದ ಎದುರುಬದುರು ಬದಿಗಿದ್ದರೆ ಟ್ರಾನ್ಸ್, ಒಂದೇ ಬದಿಗಿದ್ದರೆ ಸಿಸ್). 1938ರಲ್ಲೇ ಮಧುರನಾಥ್ ಮತ್ತು ಮಂಜುನಾಥ್ ಇದನ್ನು ಬೀಜದಿಂದ ಬೇರ್ಪಡಿಸಿದ್ದರು. ರಚನೆ ಖಚಿತವಾಗಿದ್ದು 1950ರ ದಶಕದಲ್ಲಿ. ನಾನು ಅದನ್ನು ಬೀಜದಿಂದಲೂ ತೆಗೆದೆ, ಹರಳೆಣ್ಣೆಯ ರಿಸಿನೋಲಿಕ್ ಆಮ್ಲದಿಂದಲೂ ಕಟ್ಟಿದೆ. ಪರಿಮಳ ಇರುವುದು ಮರದ ಚೇಗಿನ ಎಣ್ಣೆಯಲ್ಲಿ, ಬೀಜದ ಎಣ್ಣೆಯಲ್ಲಲ್ಲ. ಇನ್ನಾದರೂ ಯಾರೂ ನನ್ನ ಹತ್ತಿರ ಅತ್ತರು ಕೇಳಬೇಡಿ. ಚಿಕ್ಕಮ್ಮಾ, ನಿಮಗೂ ಸೇರಿಸಿಯೇ ಹೇಳಿದ್ದು.

ಗೈಡ್ ಮೇಡಂ, ಲ್ಯಾಬಿನ ಗೆಳತಿಯರು, ರಾತ್ರಿಯ ಸ್ಲಾಟ್ ಬಿಟ್ಟುಕೊಟ್ಟ ಎನ್ಎಂಆರ್ (ಅಣುವಿನ ರಚನೆ ತೋರಿಸುವ ಯಂತ್ರ) ಆಪರೇಟರ್, ಊಟ ಎತ್ತಿಡುತ್ತಿದ್ದ ಮೆಸ್ಸಿನ ಅಕ್ಕ, ಇವರಿಗೆಲ್ಲ ನಾನು ಋಣಿ. ತೋಟದ ಗಂಧದ ಮರದಡಿ ಹಕ್ಕಿಗಳು ಉದುರಿಸಿದ ಬೀಜವನ್ನು ಎರಡು ಬೇಸಿಗೆ ಆರಿಸಿ ಚೀಲದಲ್ಲಿ ಕಟ್ಟಿ ಕಳಿಸಿದ ಅಪ್ಪನಿಗೆ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾರೆ. ಹೇಳುವುದಿಲ್ಲ.

ಈ ಬರಹ ಮುಖ್ಯವಾಗಿ ನಮ್ಮ ಲ್ಯಾಬ್ ಅಟೆಂಡರ್ ಅಣ್ಣನಿಗೆ. ಪ್ರಬಂಧದ ಕೃತಜ್ಞತಾ ಪುಟದ ಕೊನೆಯ ಸಾಲಿನಲ್ಲಿ, ಇಂಗ್ಲಿಷಿನಲ್ಲಿ, ‘ಪ್ರಯೋಗಾಲಯದ ಸಿಬ್ಬಂದಿ’ ಎಂಬ ಮಾತಿನೊಳಗೆ ಅವರನ್ನು ತುರುಕಿದ್ದೇನೆ. ಅವರು ಇಂಗ್ಲಿಷ್ ಓದುವುದಿಲ್ಲ. ಮೊಬೈಲಿನಲ್ಲಿ ಕನ್ನಡ ಬಂದರೆ ಕನ್ನಡಕ ಹುಡುಕಿ ಕೂತು ಓದುತ್ತಾರೆ. ಹೆಸರು ಹಾಕಬೇಡ ಎಂದು ಕೇಳಿಕೊಂಡದ್ದರಿಂದ ಹಾಕಿಲ್ಲ.

ಆ ರಾತ್ರಿಯ ವಿಷಯ. ಹರಳೆಣ್ಣೆಯ ದಾರಿಯ ಕೊನೆಯ ಮೆಟ್ಟಿಲು ಅದು. ಬ್ರೋಮಿನ್ ಸೇರಿಸಿ, ಪೊಟ್ಯಾಶ್ ಹಾಕಿ ಕುದಿಸಿ ತ್ರಿಬಂಧ ಮಾಡಿಕೊಂಡಾಗಿತ್ತು. ಹನ್ನೆರಡನೇ ಕಾರ್ಬನ್ನಿನ ಹೈಡ್ರಾಕ್ಸಿಲ್ ಕಳಚಿದಾಗ ದ್ವಿಬಂಧವೂ ಬಂತು. ಆದರೆ ಸಿಸ್, ಟ್ರಾನ್ಸ್ ಎರಡೂ ಬೆರೆತು ಬಂದವು. ಇವೆರಡನ್ನೂ ಬಿಡಿಸಲು ಬೆಳ್ಳಿಯ ನೈಟ್ರೇಟ್ ಬೆರೆಸಿದ ಸಿಲಿಕಾ ಬೇಕು. ಸಿಸ್ ಬೆಳ್ಳಿಗೆ ಅಂಟಿಕೊಂಡು ತಡ ಮಾಡುತ್ತದೆ, ಟ್ರಾನ್ಸ್ ಮೊದಲು ಇಳಿಯುತ್ತದೆ. ಆ ಸಿಲಿಕಾ ತುಂಬಿದ ಉದ್ದನೆಯ ಗಾಜಿನ ಕೊಳವೆಯೇ ಕಾಲಮ್; ಮೇಲಿನಿಂದ ಸಾಲ್ವೆಂಟ್ (ದ್ರಾವಕ) ಸುರಿಯುತ್ತಾ, ಕೆಳಗಿಳಿದದ್ದನ್ನು ಒಂದೊಂದೇ ಟ್ಯೂಬಿನಲ್ಲಿ ಹಿಡಿಯಬೇಕು. ಬೆಳಕು ತಾಗದ ಹಾಗೆ ಅದಕ್ಕೆ ಫಾಯಿಲ್ ಸುತ್ತಿ ಸಂಜೆ ಏಳಕ್ಕೆ ಶುರು ಮಾಡಿದ್ದೆ. ಇದ್ದ ಮಾಲೆಲ್ಲ ಅದರೊಳಗೇ ಇತ್ತು. ಸಾಲ್ವೆಂಟ್ ಸಿಲಿಕಾದ ಮಟ್ಟಕ್ಕಿಂತ ಕೆಳಗಿಳಿದರೆ ಒಳಗೆ ಬಿರುಕು ಬಿಟ್ಟು ಬಿಡಿಸಿದ್ದೆಲ್ಲ ಮತ್ತೆ ಕಲಸಿಹೋಗುತ್ತದೆ.

ಎಂಟೂ ಇಪ್ಪತ್ತಕ್ಕೆ ತಮ್ಮನ ಫೋನ್ ಬಂತು. ಅಪ್ಪನಿಗೆ ಏನಾಯಿತು ಎಂಬುದು ನಿಮಗೆ ಗೊತ್ತೇ ಇದೆ.

ಬೀಗದ ಕೈ ಹಿಡಿದು ಮನೆಗೆ ಹೊರಟಿದ್ದ ಅಣ್ಣ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ನಾನು ಕಾಲಮ್ ಕಡೆ ನೋಡಿದೆ. “ನೀ ಹೋಗವ್ವ. ಇದು ಒಣಗ್ಬಾರ್ದು ಅಷ್ಟೇ ತಾನೆ? ನಾನಿವ್ನಿ.” ಪ್ರತಿ ಟ್ಯೂಬಿನ ಮೇಲೂ ಇಂಕಿನಲ್ಲಿ ಗೆರೆ ಎಳೆದಿಟ್ಟಿದ್ದೆ, ಗೆರೆ ಮುಟ್ಟಿದರೆ ಮುಂದಿನದು, ಮೇಲೆ ಕಡಿಮೆಯಾದರೆ ಈ ಬಾಟಲಿಯಿಂದ ಸುರಿಯಿರಿ, ಅಂದೆ. ಅಷ್ಟೇ ಹೇಳಿದ್ದು. ಗ್ಲೌಸ್ ಹಾಕಿಕೊಳ್ಳಿ ಎನ್ನಲು ಮರೆತೆ.

ಒಂದು ಮಾತು ಇಲ್ಲಿಯವರೆಗೂ ಯಾರಿಗೂ ಹೇಳಿಲ್ಲ. ಆ ರಾತ್ರಿ ಐಸಿಯು ಮುಂದಿನ ಬೆಂಚಿನ ಮೇಲೆ ಅಮ್ಮ ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದರು, ನಾನು ಕಾಲಮ್ ಬಗ್ಗೆ ಯೋಚಿಸುತ್ತಿದ್ದೆ. ಅಪ್ಪ ಒಳಗೆ. ನಾನು ಹೊರಗೆ ಕೂತು, ಈಗ ಎಷ್ಟನೇ ಟ್ಯೂಬ್ ಇರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಎಂಥ ಮಗಳು ನಾನು! ರಾತ್ರಿ ಎರಡೂವರೆಗೆ ತಡೆಯಲಾಗದೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು. ನಾನು ಬಾಯಿ ತೆರೆಯುವ ಮೊದಲೇ “ಅಪ್ಪಾವ್ರು ಹೆಂಗವ್ರೆ?” ಅಂದರು. ಅಲ್ಲಿಯವರೆಗೆ ಬರದೇ ಇದ್ದ ಅಳು ಆಗ ಬಂತು. ಅವರು ಫೋನ್ ಇಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆ ಕಡೆಯಿಂದ ಟ್ಯೂಬ್ ಸ್ಟ್ಯಾಂಡಿಗೆ ತಾಗುವ ಸದ್ದು ಆಗೀಗ ಕೇಳುತ್ತಿತ್ತು. ನಾನು ಕಾಲಮ್ ವಿಷಯ ಕೇಳಲೇ ಇಲ್ಲ.

ನಾಲ್ಕು ದಿನ ಬಿಟ್ಟು ಲ್ಯಾಬಿಗೆ ಬಂದೆ. ಅರುವತ್ತೆರಡು ಟ್ಯೂಬು, ಒಂದೊಂದಕ್ಕೂ ಫಾಯಿಲಿನ ಟೋಪಿ, ಒಂದೊಂದಕ್ಕೂ ಕ್ಯಾಲೆಂಡರ್ ಹಾಳೆ ಹರಿದು ಮಾಡಿದ ಚೀಟಿ: ೧, ೨, ೩... ಎಲ್ಲ ಕನ್ನಡ ಅಂಕಿ. ಇಡೀ ಸ್ಟ್ಯಾಂಡು ಡೀಪ್ ಫ್ರೀಜರಿನೊಳಗೆ. ಇದು ಗಾಳಿ ತಾಗಿದರೆ ಕೆಡುವ ಮಾಲು ಅಂತ ನಾನು ಅವರಿಗೆ ಹೇಳಿರಲಿಲ್ಲ. ಮೂವತ್ತು ವರ್ಷದಿಂದ ನಮ್ಮಂಥವರು ಕೆಡಿಸಿಕೊಳ್ಳುವುದನ್ನು ನೋಡಿದ್ದಾರೆ, ಅಷ್ಟು ಸಾಕಿತ್ತು. ಬೆರಕೆ ಇದೆಯೇ ಎಂದು ನೋಡುವ ಟಿಎಲ್‌ಸಿ ಪರೀಕ್ಷೆ ಹಾಕಿದೆ: ೧೯ರಿಂದ ೩೪ರವರೆಗೆ ಒಂದೇ ಚುಕ್ಕಿ, ಬೆರಕೆಯಿಲ್ಲ. ಎನ್ಎಂಆರ್‌ನಲ್ಲಿ 16 ಹರ್ಟ್ಸ್, ಅಂದರೆ ಟ್ರಾನ್ಸ್, ಅಪ್ಪನ ಬೀಜದಿಂದ ತೆಗೆದದ್ದರಲ್ಲಿ ಇದ್ದ ಹಾಗೇ.

ಟೀ ತಂದುಕೊಟ್ಟಾಗ ಅಣ್ಣನ ಬೆರಳು ನೋಡಿದೆ. ಬಲಗೈಯ ಮೂರು ಬೆರಳ ತುದಿ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಬೆಳ್ಳಿಯ ಕಲೆ ಸೋಪಿಗೆ ಹೋಗುವುದಿಲ್ಲ, ಚರ್ಮ ತಾನಾಗಿ ಸುಲಿಯುವವರೆಗೆ ಇರುತ್ತದೆ. ಮನೆಯಲ್ಲಿ ಕೇಳಲಿಲ್ಲವೇ ಅಂದೆ. “ಎಲೆಕ್ಷನ್ನು ಈಗೆಲ್ಲಿತ್ತು ಅಂದ್ಳು” ಎಂದು ನಕ್ಕರು.

ಅಪ್ಪ ವೈವಾಕ್ಕೆ ಬಂದಿದ್ದರು. ಕೋಲೂರಿಕೊಂಡು ಹಿಂದಿನ ಸಾಲಿನಲ್ಲಿ, ಅಣ್ಣನ ಪಕ್ಕ ಕೂತಿದ್ದರು. ನಾನು ಸಂಶ್ಲೇಷಣೆಯ ಸ್ಲೈಡ್ ತೋರಿಸುವಾಗ ಇಬ್ಬರೂ ತಲೆ ತಗ್ಗಿಸಿ ಅದೇನೋ ಪಿಸುಗುಡುತ್ತಿದ್ದರು. ಆಮೇಲೆ ಕೇಳಿದರೆ ಗಂಧದ ಸಸಿಯ ಮಾತಂತೆ, ಅಣ್ಣನಿಗೂ ಎರಡು ಬೇಕಂತೆ. ಮಳೆಗಾಲಕ್ಕೆ ಕಳಿಸುತ್ತೇವೆ ಅಣ್ಣ. ಬುಡಕ್ಕೆ ತೊಗರಿ ಹಾಕಿ, ಗಂಧ ಇನ್ನೊಂದರ ಬೇರು ಹಿಡಿಯದೆ ಬೆಳೆಯುವುದಿಲ್ಲ.

ಜೂನಿಯರ್‌ಗಳಿಗೆ: ಡೀಪ್ ಫ್ರೀಜರಿನ ಎರಡನೇ ಅರೆಯಲ್ಲಿ ನೈಟ್ರೋಜನ್ ತುಂಬಿದ ಸಣ್ಣ ಸೀಸೆಯಲ್ಲಿ ಸ್ವಲ್ಪ ಮಾಲು ಉಳಿದಿದೆ, ಬೇಕಾದರೆ ಬಳಸಿಕೊಳ್ಳಿ. ಅದರ ಮೇಲೆ ಅಂಟಿಸಿರುವ ಕ್ಯಾಲೆಂಡರ್ ಚೀಟಿ ಮಾತ್ರ ಕೀಳಬೇಡಿ.