ಸ್ಲ್ಯಾಬಿನ ಬಿಸಿಗೂ ಕರೆಂಟ್ ಬಿಲ್ಲಿಗೂ ನಂಟಿದೆ

ಮಾನ್ಯ ಸಂಪಾದಕರೇ,

ರಾಯಚೂರಿನಲ್ಲಿ ಮನೆ ಕಟ್ಟಿಸುವ ಗುತ್ತಿಗೆ ನನ್ನ ಕಸುಬು. ನಮ್ಮೂರಿಗೆ 42–43 ಡಿಗ್ರಿ ಬಿಸಿಲು ಹೊಸದಲ್ಲ. ಆದರೂ ಸಾಧಾರಣ ಸಂಬಳದವರು ಸಹ ಸಾಲ ಮಾಡಿ ಏಸಿ ಹಾಕಿಸುವಂತಾಗಿದೆ. ತಲೆಯ ಮೇಲಿನ 5 ಇಂಚಿನ ಬೋಳು ಆರ್‌ಸಿಸಿ ಸ್ಲ್ಯಾಬು ಇದಕ್ಕೆ ದೊಡ್ಡ ಕಾರಣ.

ಕಾಂಕ್ರೀಟು ಶಾಖವನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಮಧ್ಯಾಹ್ನ ಕಾದ ತಾರಸಿಯ ಬಿಸಿ ತಳಕ್ಕೆ ಇಳಿಯಲು ಕೆಲವು ಗಂಟೆ ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ರಾತ್ರಿ 10ಕ್ಕೆ ಸ್ಟೂಲ್ ಹತ್ತಿ ಸ್ಲ್ಯಾಬಿನ ತಳಕ್ಕೆ ಅಂಗೈ ಇಟ್ಟು ನೋಡಿ, ಇನ್ನೂ ಬೆಚ್ಚಗಿರುತ್ತದೆ. ಫ್ಯಾನು ಆ ಬಿಸಿಯನ್ನೇ ಹಾಸಿಗೆಗೆ ತಳ್ಳುತ್ತದೆ. ಜಂತಿಯ ಮೇಲೆ ದಪ್ಪಗೆ ಮಣ್ಣು ಹಾಕಿದ ಹಳೆಯ ಮಾಳಿಗೆ ಮನೆಗಳಲ್ಲಿ ಈ ಕಾಟ ಇಷ್ಟಿರಲಿಲ್ಲ.

ಒಂದೂವರೆ ಟನ್ ಏಸಿ ಗಂಟೆಗೆ ಸುಮಾರು 1 ಯೂನಿಟ್ ಎಳೆದರೂ, ರಾತ್ರಿಗೆ 8 ಗಂಟೆಯಂತೆ ತಿಂಗಳಿಗೆ 240 ಯೂನಿಟ್ ಆಯಿತು. ಬಳಕೆ 200 ದಾಟಿದರೆ ಗೃಹಜ್ಯೋತಿ ಸಿಗದು, ಪೂರ್ತಿ ಬಿಲ್ ಕಟ್ಟಬೇಕು.

ಪರಿಹಾರ ದುಬಾರಿಯಲ್ಲ. ತಾರಸಿಗೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಒಂದು ಪಾಲು ಹಿಂದಕ್ಕೆ ಹೋಗುತ್ತದೆ. ಇನ್ನೂ ಗಟ್ಟಿ ಉಪಾಯವೆಂದರೆ ಸ್ಲ್ಯಾಬಿನ ಮೇಲೆ 2 ಇಂಚಿನ ಒತ್ತಾದ ಥರ್ಮೋಕೋಲ್ ಹಾಳೆ ಹಾಸಿ, ವಾಟರ್‌ಪ್ರೂಫ್ ಮಾಡಿ, ಮೇಲೆ ಗಾರೆ ಎಳೆಯುವುದು. ಅಷ್ಟು ತೆಳು ಹಾಳೆ ತಡೆಯುವ ಶಾಖವನ್ನು ಬರೀ ಕಾಂಕ್ರೀಟಿನಿಂದ ತಡೆಯಬೇಕಾದರೆ ಸುಮಾರು 7 ಅಡಿ ದಪ್ಪ ಬೇಕು! ಮುಂಭಾಗದ ಎಲಿವೇಶನ್ ಟೈಲ್ಸಿಗೆ, ಗಾಜಿಗೆ ಲಕ್ಷಗಟ್ಟಲೆ ಸುರಿಯುವ ಮಾಲೀಕರು ಇದಕ್ಕೆ ಮಾತ್ರ ‘ಆಮೇಲೆ ನೋಡೋಣ ಬಿಡ್ರಿ’ ಅನ್ನುತ್ತಾರೆ. ನನಗೆ ಸಂಕಟವಾಗುವುದು ಅಲ್ಲಿಯೇ.

ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆ (ಮನೆಗಳಲ್ಲಿ ಇಂಧನ ಉಳಿಸುವ ನಿಯಮಾವಳಿ), ಚಾವಣಿಯ ಪ್ರತಿ ಚದರ ಮೀಟರಿನಿಂದ ಒಳಹೊರಗಿನ ಒಂದು ಡಿಗ್ರಿ ವ್ಯತ್ಯಾಸಕ್ಕೆ 1.2 ವಾಟ್‌ಗಿಂತ ಹೆಚ್ಚು ಶಾಖ ಇಳಿಯಬಾರದು ಎನ್ನುತ್ತದೆ. ನಮ್ಮ ಬೋಳು ಸ್ಲ್ಯಾಬುಗಳಲ್ಲಿ ಅದು 3 ದಾಟುತ್ತದೆ. ಪಕ್ಕದ ತೆಲಂಗಾಣ 2023ರಲ್ಲೇ ತಂಪು ಚಾವಣಿ ನೀತಿ ತಂದು, ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿದೆ.

ಕಲ್ಯಾಣ ಕರ್ನಾಟಕದ ನಗರಸಭೆ, ಪಾಲಿಕೆಗಳು ನಕ್ಷೆ ಮಂಜೂರು ಮಾಡುವಾಗ ಸೆಟ್‌ಬ್ಯಾಕ್ (ಮನೆಯ ಸುತ್ತ ಬಿಡುವ ಖಾಲಿ ಜಾಗ) ನೋಡುವಂತೆ ಚಾವಣಿಯ ಶಾಖತಡೆಯನ್ನೂ ನೋಡಲಿ. ಸರ್ಕಾರಿ ವಸತಿ ಯೋಜನೆಗಳ ಅಂದಾಜುಪಟ್ಟಿಯಲ್ಲಿ ಇದಕ್ಕೊಂದು ಬಾಬ್ತು ಸೇರಿಸಿ, ಮೊದಲು ಬಡವರ ಮನೆಗಳಿಗೆ ಹಾಕಿಸಲಿ. ಏಸಿ ಕೊಳ್ಳಲಾಗದೆ ಆ ಬಿಸಿಯಲ್ಲೇ ಮಲಗುವವರು ಅವರು.

– ಕಟ್ಟಡ ಗುತ್ತಿಗೆದಾರ, ರಾಯಚೂರು