ಪಕ್ಷದ ಹುದ್ದೆಯನ್ನು ಮೊದಲು ಬರೆಯಿರಿ

ಮಾನ್ಯ ಸಂಪಾದಕರೆ,

ಕಮ್ಯುನಿಸ್ಟ್ ದೇಶಗಳಲ್ಲಿ ಕ್ರಾಂತಿಯ ಕಲಿಗಳೇ ಗದ್ದುಗೆ ಏರುತ್ತಾರೆ ಎಂದು ನಾನೂ ನಂಬಿದ್ದೆ. ಪರೇಲ್‌ನ ಚಾಳಿನ ನಮ್ಮ ಖೋಲಿಯಲ್ಲಿ, ಗಿರಣಿ ಕಾರ್ಮಿಕರಾಗಿದ್ದ ತಂದೆಯವರು ಮಂಜುನಾಥಸ್ವಾಮಿಯ ಪಟದ ಪಕ್ಕದಲ್ಲೇ ಸ್ಟಾಲಿನ್ ಚಿತ್ರವನ್ನು ತೂಗುಹಾಕಿದ್ದರು. ಗಾಜಿಗೆ ಹತ್ತಿದ ಸ್ಟವ್ ಮಸಿಯನ್ನು ಒರೆಸುವ ಕೆಲಸ ನನ್ನದು.

ಆದರೆ ರಷ್ಯಾದ ಕ್ರಾಂತಿಯಲ್ಲಿ ಕೆಂಪು ಸೇನೆಯನ್ನು ಕಟ್ಟಿದ ಮಾತಿನ ಮಲ್ಲ ಟ್ರಾಟ್‌ಸ್ಕಿಗೆ 1929ರಲ್ಲಿ ಸಿಕ್ಕಿದ್ದು ಗಡೀಪಾರು. ಲೆನಿನ್ ನಂತರದ ಗದ್ದುಗೆಯ ಪೈಪೋಟಿಯಲ್ಲಿ ಗೆದ್ದವರು 1922ರಲ್ಲಿ ಪಕ್ಷದ ಪ್ರಧಾನ ಕಾರ್ಯದರ್ಶಿಯಾದ ಸ್ಟಾಲಿನ್. ಅದನ್ನು ಬರೀ ಕಡತ ನೋಡುವ ಹುದ್ದೆ ಎಂದು ಎದುರಾಳಿಗಳು ಕಡೆಗಣಿಸಿದರು. ಯಾವ ಊರಿನ ಸಮಿತಿಗೆ ಯಾರು ಕಾರ್ಯದರ್ಶಿ ಎಂಬುದು ಆ ಮೇಜಿನ ಮೇಲೆಯೇ ತೀರ್ಮಾನವಾಗುತ್ತಿತ್ತು. ಹಾಗೆ ನೇಮಕಗೊಂಡವರ ಕಡೆಯ ಪ್ರತಿನಿಧಿಗಳು ಮಹಾಧಿವೇಶನಕ್ಕೆ ಬಂದರು, ಕೇಂದ್ರ ಸಮಿತಿಯನ್ನು ಆರಿಸಿದರು, ಆ ಸಮಿತಿ ಸ್ಟಾಲಿನ್ ಅವರನ್ನೇ ಉಳಿಸಿಕೊಂಡಿತು. ಇವರನ್ನು ಆ ಹುದ್ದೆಯಿಂದ ತೆಗೆಯಿರಿ ಎಂದು ಲೆನಿನ್ 1923ರ ಜನವರಿಯಲ್ಲಿ ಬರೆಸಿದ ಟಿಪ್ಪಣಿಯೂ ಫಲ ಕೊಡಲಿಲ್ಲ!

ಚೀನಾದಲ್ಲಿ ಷಿ ಜಿನ್‌ಪಿಂಗ್ ಅವರ ನಿಜವಾದ ಬಲ ಇರುವುದೂ 2012ರಲ್ಲಿ ಅವರಿಗೆ ದಕ್ಕಿದ ಪಕ್ಷದ ಪ್ರಧಾನ ಕಾರ್ಯದರ್ಶಿ ಸ್ಥಾನದಲ್ಲಿ. ಪತ್ರಿಕೆಗಳು ಮಾತ್ರ ದೇಶದ 'ಅಧ್ಯಕ್ಷ' ಎಂದಷ್ಟೇ ಬರೆಯುತ್ತವೆ. ನಿಮ್ಮ ಪತ್ರಿಕೆಯಾದರೂ ಪಕ್ಷದ ಹುದ್ದೆಯನ್ನು ಮೊದಲು ನಮೂದಿಸಬೇಕೆಂದು ಕೋರುತ್ತೇನೆ.

– ಹಳೆಯ ಓದುಗ, ಮುಲುಂಡ್, ಮುಂಬಯಿ